ಒಳಗಿನ ಹಿಡಿಕೆಗೆ ಬಲ ಎಲ್ಲಿಂದ?

ಕಾರಿನ ಬಾಗಿಲನ್ನು ಒಳಗಿನಿಂದ ತೆರೆಯುವ ಹಿಡಿಕೆ ಮುರಿಯಿತೆಂದರೆ ಗ್ಯಾರೇಜಿನ ತೀರ್ಪು ಸಾಮಾನ್ಯವಾಗಿ ಒಂದೇ: ಪ್ಲಾಸ್ಟಿಕ್ ಹಾಕಿದ್ದಾರೆ, ಕಬ್ಬಿಣದ್ದಾಗಿದ್ದರೆ ತಡೆಯುತ್ತಿತ್ತು. ಹುಣಸಗಿಯಂಥ ಊರಿನಲ್ಲಿ ಈ ಮಾತಿಗೆ ತೂಕವಿದೆ. ಸುರಪುರ, ತಾಳಿಕೋಟೆ, ನಾರಾಯಣಪುರದ ಕಡೆಗೆ ಜನರನ್ನು ಒಯ್ಯುವ ಕ್ರೂಸರು, ಬಾಡಿಗೆ ಕಾರುಗಳ ಹಿಡಿಕೆ ಒಬ್ಬ ಮಾಲೀಕನ ಕೈಗೆ ಪಳಗಿದ್ದಲ್ಲ. ಲಾಕ್ ಬಿದ್ದದ್ದು ತಿಳಿಯದೆ ಜಗ್ಗುವವರುಂಟು, ಬಾಗಿಲು ಮುಚ್ಚಲೂ ಅದನ್ನೇ ಹಿಡಿದು ಎಳೆಯುವವರುಂಟು. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಬಿಸಿಲಿಗೆ ಗಾಜು ಏರಿಸಿ ನಿಲ್ಲಿಸಿದ ಗಾಡಿಯ ಒಳಭಾಗ ಹೊರಗಿಗಿಂತ 20 ಡಿಗ್ರಿಯಷ್ಟು ಹೆಚ್ಚು ಕಾಯುವುದೂ ಉಂಟು. ಕಾದ ಪ್ಲಾಸ್ಟಿಕ್ ಭಾರಕ್ಕೆ ಬೇಗ ಮಣಿಯುತ್ತದೆ. ಆದರೂ ಆ ತೀರ್ಪು ಅರ್ಧ ಮಾತ್ರ ಸರಿ. ಈ ಪುಟ್ಟ ಯಂತ್ರ ಬೆಳೆದು ಬಂದ ಬಗೆಯನ್ನು ನೋಡಿದರೆ, ಜಗ್ಗಿದ ಬಲ ಯಾವ ದಾರಿ ಹಿಡಿದು ಎಲ್ಲಿ ಇಳಿಯಬೇಕೆಂಬ ಯೋಚನೆಯೇ ಹಿಂದೆ ಉಳಿದದ್ದು ಕಾಣುತ್ತದೆ.

ಹಿಂದೆ ಉಳಿಯಲು ಕಾರಣವೂ ಇದೆ. 1950ರ ದಶಕದಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಅಪಘಾತ ಅಧ್ಯಯನಗಳು, ಡಿಕ್ಕಿಯಲ್ಲಿ ಬಾಗಿಲು ತೆರೆದುಕೊಂಡು ಹೊರಗೆ ಎಸೆಯಲ್ಪಟ್ಟವರಿಗೆ ಸಾವಿನ ಅಪಾಯ ಬಹಳ ಹೆಚ್ಚೆಂದು ತೋರಿಸಿದವು. ಫೋರ್ಡ್ ಕಂಪನಿ 1956ರ ಮಾದರಿಗಳಿಗೆ ಇನ್ನೂ ಬಿಗಿಯಾಗಿ ಹಿಡಿಯುವ ಚಿಲಕ ಹಾಕಿತು. 1968ರ ಜನವರಿ 1ರಿಂದ ಅಮೆರಿಕದಲ್ಲಿ ಬಾಗಿಲ ಚಿಲಕ, ಕೀಲುಗಳ 206ನೇ ಮಾನದಂಡ ಜಾರಿಗೆ ಬಂತು. 2004ರಲ್ಲಿ ಬಂದ ಮೊದಲನೇ ಜಾಗತಿಕ ತಾಂತ್ರಿಕ ನಿಯಮದ ವಿಷಯವೂ ಇದೇ. ಪೂರ್ತಿ ಕೂತ ಚಿಲಕ ಒಂದು ದಿಕ್ಕಿನಲ್ಲಿ 11,000 ನ್ಯೂಟನ್, ಅಂದರೆ ಸುಮಾರು 1,100 ಕಿಲೋ ಭಾರದಷ್ಟು ಎಳೆತವನ್ನು ತಾಳಬೇಕು. ಭಾರತದ ಐಎಸ್ 14225 ಮಾನದಂಡವೂ ಇದೇ ಕ್ಷೇತ್ರದ್ದು. ಇಷ್ಟೂ ಶ್ರಮ ಬಾಗಿಲು ತಾನಾಗಿ ತೆರೆಯಬಾರದೆಂಬುದಕ್ಕೆ. ಬೇಕೆಂದಾಗ ತೆರೆಯುವ ಭಾಗವನ್ನು ಎಷ್ಟು ಗಟ್ಟಿ ಮಾಡಬೇಕೆಂಬುದು ಬಹುಪಾಲು ಕಂಪನಿಗಳ ಒಳಗಿನ ಲೆಕ್ಕವಾಗಿಯೇ ಉಳಿಯಿತು. ಜೀವ ಉಳಿಸಿದ ಆ ಆದ್ಯತೆ ತಪ್ಪೆನ್ನಲಾಗದು, ಆದರೆ ಅದು ಅಪೂರ್ಣ.

ಅಂಬಾಸಡರ್ ಮತ್ತು ಪದ್ಮಿನಿಯ ಕಾಲದಲ್ಲಿ ಒಳಹಿಡಿಕೆ ಲೋಹದ್ದಾಗಿತ್ತು. 1983ರ ಡಿಸೆಂಬರಿನಲ್ಲಿ ರಸ್ತೆಗಿಳಿದ ಮಾರುತಿ 800ರ ಹೊತ್ತಿಗೆ ಅದು ಬಾಗಿಲ ಹಲಗೆಯ ಕುಳಿಯಲ್ಲಿ ಕೂತ ಸಣ್ಣ ಪ್ಲಾಸ್ಟಿಕ್ ಸನ್ನೆಯಾಗಿತ್ತು. ಬದಲಾವಣೆಗೆ ಬೆಲೆಯೊಂದೇ ಕಾರಣವಲ್ಲ. ಚಾಚಿಕೊಂಡ ಲೋಹ ಅಪಘಾತದಲ್ಲಿ ಮೊಣಕಾಲಿಗೆ, ಪಕ್ಕೆಗೆ ಬಡಿಯುತ್ತದೆ. ಹಿಡಿಕೆಯಿಂದ ಚಿಲಕದವರೆಗಿನ ಉಕ್ಕಿನ ಸರಳಿನ ಜಾಗಕ್ಕೆ ಕ್ರಮೇಣ ಕೇಬಲ್ ಬಂತು. ತಿರುವುಗಳಲ್ಲಿ ಸುಲಭವಾಗಿ ಬಾಗುವುದು ಅದರ ಅನುಕೂಲ. ತಿರುವು ಹೆಚ್ಚಿದಷ್ಟೂ, ಎರೆನೆಲದ ದೂಳು ಕೊಳವೆಯೊಳಗೆ ಹೊಕ್ಕಷ್ಟೂ ತಿಕ್ಕಾಟ ಏರುವುದು ಅದರ ಕೇಡು. ಕೇಬಲ್ ಬಿಗಿಯಾದರೆ ಕೈ ಇನ್ನಷ್ಟು ಜೋರಾಗಿ ಜಗ್ಗುತ್ತದೆ, ಆಗ ಮುರಿಯುವುದು ಹಿಡಿಕೆ. ಬೈಗುಳ ಪ್ಲಾಸ್ಟಿಕ್ಕಿಗೆ, ತಪ್ಪು ಕೇಬಲಿನದು.

ಒಂದು ಸರಳ ಲೆಕ್ಕ ನೋಡಬಹುದು. ತಿರುಗುವ ಮೊಳೆಯಿಂದ 60 ಮಿ.ಮೀ. ದೂರದಲ್ಲಿ 20 ಕಿಲೋ ಭಾರದಷ್ಟು ಜಗ್ಗಿದರೆ, ಮೊಳೆಯ ಆಚೆ 15 ಮಿ.ಮೀ. ದೂರದಲ್ಲಿ ಸಿಕ್ಕಿಸಿದ ಕೇಬಲಿನ ಮೇಲೆ 80 ಕಿಲೋದಷ್ಟು ಎಳೆತ ಬೀಳುತ್ತದೆ. ಮೊಳೆ ಕೂರುವ ರಂಧ್ರದ ಗತಿ ಇನ್ನೂ ಕಷ್ಟದ್ದು. ಅಗಲ ಹಲಗೆಯೊಂದನ್ನು ಎಳೆದಾಗ ಅದರಲ್ಲಿನ ದುಂಡು ರಂಧ್ರದ ಅಂಚಿನಲ್ಲಿ ಒತ್ತಡ ಮೂರು ಪಟ್ಟಾಗುತ್ತದೆಂದು ಜರ್ಮನಿಯ ಕಿರ್ಷ್ 1898ರಲ್ಲೇ ತೋರಿಸಿದ್ದ. ಚೂಪು ಮೂಲೆಯಲ್ಲಿ ಅದಕ್ಕೂ ಹೆಚ್ಚು. ಹಾಗಾಗಿ ಗಟ್ಟಿ ಹಿಡಿಕೆಯೆಂದರೆ ದಪ್ಪ ಹಿಡಿಕೆಯಲ್ಲ. ಮೊಳೆಗೆ ಎರಡೂ ಬದಿಯಲ್ಲಿ ಆಸರೆ ಬೇಕು, ಮೂಲೆಗಳು ದುಂಡಾಗಿರಬೇಕು, ಸನ್ನೆ ತನ್ನ ಓಟ ಮುಗಿಸಿದ ಮೇಲೆ ಉಳಿದ ಎಳೆತ ಕೇಬಲಿಗೆ ಹೋಗದೆ ಚೌಕಟ್ಟಿಗೆ ಇಳಿಯುವಂತೆ ಒಂದು ತಡೆಗಟ್ಟೆ ಬೇಕು. ಲಾಕ್ ಬಿದ್ದಾಗ ಸನ್ನೆ ಬಿಗಿದು ನಿಲ್ಲದೆ ಸುಮ್ಮನೆ ಆಡಿಬಿಡುವ ವಿನ್ಯಾಸವೂ ಇದೆ. ತಿಳಿಯದೆ ಜಗ್ಗುವ ಕೈಗೆ ಅದೇ ಸರಿಯಾದ ಉತ್ತರ. ಬಾಗಿಲು ಎಳೆದು ಮುಚ್ಚಲು ಬೇರೆಯದೇ ಹಿಡಿ ಕೈಗೆ ಮೊದಲು ಸಿಗುವ ಜಾಗದಲ್ಲಿರಬೇಕು.

ಇಷ್ಟೆಲ್ಲ ಯಾಕೆ, ಪೂರ್ತಿ ಲೋಹದ್ದೇ ಮಾಡಿದರಾಯಿತಲ್ಲ ಎನ್ನಬಹುದು. ಚಿಲಕದ ಜಾಗತಿಕ ನಿಯಮದ ಇನ್ನೊಂದು ಷರತ್ತು ಇಲ್ಲಿ ಅಡ್ಡ ಬರುತ್ತದೆ: ಗುರುತ್ವದ 30 ಪಟ್ಟು ಕುಲುಕಿದರೂ ಬಾಗಿಲು ತೆರೆಯಕೂಡದು. 100 ಗ್ರಾಂ ತೂಕದ ಹಿಡಿಕೆ ಆಗ 3 ಕಿಲೋ ಭಾರದಂತೆ ತನ್ನನ್ನು ತಾನೇ ಎಳೆದುಕೊಳ್ಳುತ್ತದೆ. ಅದನ್ನು ತಡೆಯಲು ಬಿಗಿ ಸ್ಪ್ರಿಂಗ್ ಹಾಕಿದರೆ ಮುದುಕರ ಕೈಗೆ ಹಿಡಿಕೆ ಭಾರವಾಗುತ್ತದೆ. ಕೈಗೆ ಸಿಗುವ ಭಾಗ ಹಗುರವಾಗಿ, ಮೊಳೆ ಮತ್ತು ತಳಪಾಯ ಮಾತ್ರ ಲೋಹದ್ದೋ ಗಾಜಿನ ನಾರು ಬೆರೆಸಿದ ನೈಲಾನಿನದೋ ಆಗಿರುವುದು ಮೇಲು. ಮುರಿದರೆ ಹೊಸದು ಹಾಕಿಸಿಕೊಳ್ಳಬಹುದು, ಅಗ್ಗವಾಗಿಯೇ ಇರಲಿ ಎಂಬ ಆಕ್ಷೇಪ ಇನ್ನೂ ಗಟ್ಟಿಯದು. ಕೈಯಿಡುವ ಮೇಲ್ಪಟ್ಟಿಯ ಮಟ್ಟಿಗೆ ಅದನ್ನು ಒಪ್ಪಬಹುದು. ಮೊಳೆಯ ಬುಡದಲ್ಲಿ ಮುರಿದರೆ ಮಾತ್ರ ಹೊಗೆ ತುಂಬಿದ ಕಾರಿನಲ್ಲಿ ಎರಡನೆಯ ಪ್ರಯತ್ನಕ್ಕೆ ಏನೂ ಉಳಿಯದು.

ಬಾಗಿಲು ತೆರೆಯಲು ವಿದ್ಯುತ್ ಗುಂಡಿ ಬಂದ ಮೇಲೆ ಈ ವಾದವೇ ಹಳತಾಯಿತೆಂದು ಕೆಲವರು ನಂಬಿದ್ದರು. 2025ರಲ್ಲಿ ಅಮೆರಿಕದ ಹೆದ್ದಾರಿ ಸುರಕ್ಷತಾ ಇಲಾಖೆ 2021ರ ಮಾದರಿಯ ಸುಮಾರು 1,74,000 ಟೆಸ್ಲಾ ಮಾಡೆಲ್ ವೈ ಕಾರುಗಳ ಬಗ್ಗೆ ತನಿಖೆ ಶುರುಮಾಡಿತು. ಬ್ಯಾಟರಿ ವೋಲ್ಟೇಜು ಇಳಿದಾಗ ಹೊರಹಿಡಿಕೆ ಕೆಲಸ ಮಾಡದೆ, ಮಕ್ಕಳು ಒಳಗೇ ಉಳಿದ ದೂರುಗಳು ಬಂದಿದ್ದವು. ಅದೇ ವರ್ಷ ಚೀನಾ, ಬಾಗಿಲಿಗೆ ಒಳಗೂ ಹೊರಗೂ ಕೈಯಿಂದಲೇ ತೆರೆಯುವ ಯಾಂತ್ರಿಕ ಹಿಡಿಕೆ ಇರಬೇಕೆಂಬ ಕರಡು ನಿಯಮ ಹೊರಡಿಸಿತು. ಲೆಕ್ಸಸ್‌ನ ಎನ್‌ಎಕ್ಸ್‌ನಲ್ಲಿ ಒಂದೇ ಒಳಹಿಡಿಕೆಯನ್ನು ಒತ್ತಿದರೆ ವಿದ್ಯುತ್ತು, ಎರಡು ಸಲ ಎಳೆದರೆ ಕೇಬಲ್. ಗಾಬರಿಯಲ್ಲಿರುವ ಕೈ ಬೇರೆ ಜಾಗ ಹುಡುಕಬೇಕಿಲ್ಲ. ನಮ್ಮ ಮಾನದಂಡದಲ್ಲೂ ಒಳಹಿಡಿಕೆಗೆ ಅದರದೇ ಪರೀಕ್ಷೆ ಬರಬೇಕು: 70 ಡಿಗ್ರಿಗೆ ಕಾಯಿಸಿ, ಕೇಬಲಿಗೆ ದೂಳು ತುಂಬಿ, ಲಾಕ್ ಹಾಕಿದ ಸ್ಥಿತಿಯಲ್ಲೂ ಜಗ್ಗಿ, ಆಮೇಲೆ ಬಾಗಿಲು ತೆರೆಯುತ್ತದೆಯೇ ಎಂದು ನೋಡುವ ಪರೀಕ್ಷೆ.