ಟ್ರಿಸ್ಟನ್ ದ್ವೀಪವಾಸಿಗಳ ಪುನರಾಗಮನ

ದಕ್ಷಿಣ ಅಟ್ಲಾಂಟಿಕ್ ಸಾಗರದ ನಡುವೆ ಟ್ರಿಸ್ಟನ್ ಡ ಕುನ್ಯಾ ಎಂಬ ದ್ವೀಪವಿರುವುದು. ದ್ವೀಪವೆಂಬುದೇನು, ಕಡಲಿನಿಂದ 2,000 ಮೀಟರಿಗೂ ಮಿಗಿಲಾಗಿ ಮೇಲೆದ್ದ ಜ್ವಾಲಾಮುಖಿಯೇ ಅದು! ಅತಿ ಸಮೀಪದ ಜನವಸತಿಯಾದ ಸೇಂಟ್ ಹೆಲೆನಾ ದ್ವೀಪವು ಅಲ್ಲಿಂದ ಸುಮಾರು 2,400 ಕಿಲೋಮೀಟರು ದೂರ. ನೆಪೋಲಿಯನ್ನನು ಆ ಸೇಂಟ್ ಹೆಲೆನಾದಲ್ಲಿ ಸೆರೆಯಾಗಿದ್ದ ಕಾಲದಲ್ಲಿ, 1816ರಲ್ಲಿ, ಆಂಗ್ಲರು ಟ್ರಿಸ್ಟನ್ನಿನಲ್ಲಿ ಕಾವಲುಪಡೆಯೊಂದನ್ನು ಇರಿಸಿದರು. ಮರುವರ್ಷ ಪಡೆಯು ಹಿಂದಿರುಗಿದಾಗ ವಿಲಿಯಂ ಗ್ಲಾಸ್ ಎಂಬ ಸೈನಿಕನು ಹೆಂಡತಿಮಕ್ಕಳೊಡನೆ ಅಲ್ಲಿಯೇ ನಿಂತನು. ಹಡಗೊಡೆದು ಬಂದ ನಾವಿಕರೂ ಸೇಂಟ್ ಹೆಲೆನಾದಿಂದ ಬಂದ ಸ್ತ್ರೀಯರೂ ಕೂಡಿಕೊಂಡು ಊರು ಬೆಳೆಯಿತು.

ಆರಿಹೋಯಿತೆಂದು ಎಣಿಸಿದ್ದ ಬೆಟ್ಟವು 1961ರ ಆಗಸ್ಟಿನಿಂದ ನಡುಗತೊಡಗಿತು. ಅಕ್ಟೋಬರಿನಲ್ಲಿ ಊರಿನ ಮಗ್ಗುಲಲ್ಲೇ ನೆಲವು ಉಬ್ಬಿ ಬಿರಿಯಿತು. ಜನರೆಲ್ಲರೂ ನೆರೆಯ ನೈಟಿಂಗೇಲ್ ದ್ವೀಪಕ್ಕೆ ತಪ್ಪಿಸಿಕೊಂಡು, ಅಲ್ಲಿಂದ ಡಚ್ಚರ ಹಡಗಿನಲ್ಲಿ ಕೇಪ್‌ಟೌನಿಗೂ ಬಳಿಕ ಇಂಗ್ಲೆಂಡಿಗೂ ಸಾಗಿದರು. ಶಿಲಾರಸವು ಜೀವನಾಧಾರವಾಗಿದ್ದ ಸಿಗಡಿಯ ಕಾರ್ಖಾನೆಯನ್ನೂ ದೋಣಿ ಹಚ್ಚುವ ದಡವನ್ನೂ ನುಂಗಿತು. ಮನೆಗಳು ಬಹುಮಟ್ಟಿಗೆ ಉಳಿದವು.

ಇಂಗ್ಲೆಂಡಿನ ಕ್ಯಾಲ್‌ಷಾಟಿನಲ್ಲಿ ಅವರಿಗೆ ವಸತಿ ದೊರೆಯಿತು; ಕೆಲಸ, ಸಂಬಳಗಳೂ ದೊರೆತವು. ಜತೆಗೆ ಅಲ್ಲಿಯ ಶೀತದಿಂದ ಎದೆಯ ಬೇನೆಗಳೂ ಬಂದವು. ಇಷ್ಟು ಸೌಕರ್ಯ ಕಂಡವರು ಬೆಂಕಿಯ ಬೆಟ್ಟಕ್ಕೆ ಮರಳಲಾರರೆಂದು ತಿಳಿದವರಿಗೆ ಆ ಜನರ ಮನಸ್ಸು ತಿಳಿದಿರಲಿಲ್ಲ. 1962ರ ಡಿಸೆಂಬರಿನಲ್ಲಿ ಮತ ಕೇಳಲಾಗಿ, ಮರಳುವುದಕ್ಕೆ 148 ಮಂದಿಯೂ ವಿರುದ್ಧವಾಗಿ ಐವರೂ ಮತವಿತ್ತರು.

1963ರಲ್ಲಿ ಹೆಚ್ಚಿನವರು ಹಿಂದಿರುಗಿದರು. ಬಿಟ್ಟುಹೋಗಿದ್ದ ನಾಯಿಗಳು ಕಾಡುಬಿದ್ದು ಕುರಿಗಳನ್ನು ಕೊಂದಿದ್ದವು. ಕಾರ್ಖಾನೆಯನ್ನು ಮತ್ತೆ ಕಟ್ಟಬೇಕಾಯಿತು. ದಡವು ಹೋಗಿದ್ದುದರಿಂದ ಬಂದರನ್ನೂ ಹೊಸದಾಗಿ ಕಟ್ಟಿದರು; ಅದು 1967ರಲ್ಲಿ ತೆರೆಯಿತು. ಅದಕ್ಕೆ ಅವರಿಟ್ಟ ಹೆಸರು ಕ್ಯಾಲ್‌ಷಾಟ್.