ಭಗ್ನರೋಗಿಯ ವಯಸ್ಸೂ ಬಲವೂ

ದೊಮ್ಮಲೂರಿನ ಚೊಕ್ಕನಾಥಸ್ವಾಮಿ ದೇವಾಲಯದ ತಮಿಳು ಶಾಸನಗಳಲ್ಲಿ ಈ ಊರಿಗೆ ತೊಂಬಲೂರೆಂದೂ ದೇಶಿಮಾಣಿಕ್ಕ ಪಟ್ಟಣವೆಂದೂ ಹೆಸರುಗಳುಂಟು. ಆ ದೇವಾಲಯದಲ್ಲಿ ಈಚೆಗೆ ಮಿತ್ರರೊಬ್ಬರು ಕೇಳಿದ ಪ್ರಶ್ನೆಯೇ ಈ ಲೇಖನಕ್ಕೆ ನಿಮಿತ್ತ. ಅವರ ವೃದ್ಧಮಾತೆಯವರು ಬಿದ್ದು ತೊಡೆಯ ಮೂಳೆ ಮುರಿದಿತ್ತು. “ಇಷ್ಟು ವಯಸ್ಸಾದವರಿಗೆ ಶಸ್ತ್ರಕ್ರಿಯೆ ಸಲ್ಲುವುದೆ? ಶಾಸ್ತ್ರವೇನು ಹೇಳುತ್ತದೆ?” ಎಂದರು. ಚಿಕಿತ್ಸಾನಿರ್ಣಯವು ವೈದ್ಯರದು, ಶಾಸ್ತ್ರಾರ್ಥವನ್ನು ಮಾತ್ರ ಇಲ್ಲಿ ವಿಚಾರಿಸುವೆನು.

ವಯಸ್ಸೇ ಪ್ರಮಾಣವೆಂಬುದಕ್ಕೆ ಎರಡು ಆಧಾರಗಳು ತೋರುತ್ತವೆ. ಸುಶ್ರುತಸಂಹಿತೆಯ ಚಿಕಿತ್ಸಾಸ್ಥಾನದ ೩ನೆಯ ಅಧ್ಯಾಯದಲ್ಲಿ, ಮುರಿದುದು ಕೂಡಿ ಸ್ಥಿರವಾಗುವುದಕ್ಕೆ ಮೊದಲ ವಯಸ್ಸಿನಲ್ಲಿ ೧ ತಿಂಗಳು, ನಡುವಯಸ್ಸಿನಲ್ಲಿ ೨, ಮುಪ್ಪಿನಲ್ಲಿ ೩ ತಿಂಗಳು ಎಂದು ವಿಧಿಸಿದೆ. ಸೂತ್ರಸ್ಥಾನದ ೩೫ನೆಯ ಅಧ್ಯಾಯವು ಬಾಲವೃದ್ಧರಿಗೆ ಅಗ್ನಿ, ಕ್ಷಾರ, ವಿರೇಚನಗಳನ್ನು ವರ್ಜಿಸಿ ಮೃದುಕ್ರಿಯೆಯನ್ನು ಹೇಳುತ್ತದೆ.

ಆದರೆ ಇವುಗಳಿಂದ ವಯಸ್ಸೊಂದೇ ಪ್ರಮಾಣವೆಂದು ಸಿದ್ಧಿಸುವುದಿಲ್ಲ. ಮೊದಲನೆಯದು ಕೂಡುವ ಕಾಲವನ್ನು ಹೇಳುತ್ತದೆಯೇ ಹೊರತು ರೋಗಿಯ ಯೋಗ್ಯತೆಯನ್ನಲ್ಲ. ಎರಡನೆಯದು ಕ್ರಿಯೆಯ ತೀಕ್ಷ್ಣತೆಯನ್ನು ನಿಯಮಿಸುತ್ತದೆ, ಚಿಕಿತ್ಸೆಯನ್ನು ನಿಷೇಧಿಸುವುದಿಲ್ಲ. ಅದೇ ೩೫ನೆಯ ಅಧ್ಯಾಯದಲ್ಲಿ ವಯಸ್ಸನ್ನೂ ಬಲವನ್ನೂ ಬೇರೆ ಬೇರೆಯಾಗಿ ಪರೀಕ್ಷಿಸತಕ್ಕದ್ದೆಂದಿದೆ. ಕೃಶರಲ್ಲಿ ಬಲವಂತರೂ ಸ್ಥೂಲರಲ್ಲಿ ಅಲ್ಪಬಲರೂ ಇರುವುದರಿಂದ ವ್ಯಾಯಾಮಶಕ್ತಿಯಿಂದಲೇ ಬಲವನ್ನು ಊಹಿಸಬೇಕೆಂಬುದು ಅಲ್ಲಿಯ ಅಭಿಪ್ರಾಯ. ಚರಕಸಂಹಿತೆಯ ವಿಮಾನಸ್ಥಾನದ ೮ನೆಯ ಅಧ್ಯಾಯವು ಹೇಳುವ ೧೦ ಪರೀಕ್ಷೆಗಳಲ್ಲಿ ಸಾರ, ಸತ್ತ್ವ, ಆಹಾರಶಕ್ತಿ, ವ್ಯಾಯಾಮಶಕ್ತಿ ಮೊದಲಾದುವನ್ನು ಎಣಿಸಿ, ವಯಸ್ಸನ್ನು ಕಡೆಯಲ್ಲಿ ಇಟ್ಟಿದೆ. ಪರೀಕ್ಷಿಸದೆ ಅಲ್ಪಬಲನಿಗೆ ತೀಕ್ಷ್ಣೌಷಧವಿತ್ತರೆ ಅದು ಅವನನ್ನೇ ಕೆಡಹುವುದೆಂಬ ಎಚ್ಚರಿಕೆಯೂ ಅಲ್ಲಿದೆ. ಇನ್ನು ಸುಶ್ರುತನು ಭಗ್ನವು ಕಷ್ಟಸಾಧ್ಯವಾಗುವವರನ್ನು ಎಣಿಸುವಲ್ಲಿ ಅಲ್ಪಾಹಾರಿಯನ್ನೂ ಸಂಯಮವಿಲ್ಲದವನನ್ನೂ ವಾತಪ್ರಕೃತಿಯವನನ್ನೂ ಉಪದ್ರವಪೀಡಿತನನ್ನೂ ಹೇಳಿದ್ದಾನೆ, ನಿದಾನಸ್ಥಾನದಲ್ಲಿ ವೃದ್ಧನನ್ನೂ ಎಣಿಸಿದ್ದಾನೆ, ಆದರೆ ವೃದ್ಧನೊಬ್ಬನನ್ನೇ ಹೇಳಿಲ್ಲ. ಇದು ಗಮನಾರ್ಹವಾದುದು.

ಆಧುನಿಕ ವೈದ್ಯರು ಜರಾದೌರ್ಬಲ್ಯವೆಂದು ವಿಚಾರಿಸುವುದು ಇದಕ್ಕೆ ಸಮೀಪವಾದ ವಿಷಯ. ೨೦೦೧ರಲ್ಲಿ ಲಿಂಡಾ ಫ್ರೀಡ್ ಮತ್ತು ಸಂಗಡಿಗರು ತೂಕದ ಇಳಿತ, ಬಳಲಿಕೆ, ಕೈಹಿಡಿತದ ಕುಂದು, ನಡಿಗೆಯ ಮಾಂದ್ಯ, ಚಟುವಟಿಕೆಯ ಕೊರತೆ ಎಂಬ ೫ ಲಕ್ಷಣಗಳಲ್ಲಿ ೩ ಇದ್ದರೆ ದೌರ್ಬಲ್ಯವೆಂದು ನಿರ್ಣಯಿಸಿದರು. ೨೦೦೫ರಲ್ಲಿ ಕೆನಡಾದ ರಾಕ್‌ವುಡ್ ಮತ್ತು ಸಂಗಡಿಗರು ೭ ಮೆಟ್ಟಿಲುಗಳ ಮಾನವನ್ನು ರಚಿಸಿದರು. ಅದು ಮುಂದೆ ೯ ಮೆಟ್ಟಿಲುಗಳಾಯಿತು. ಗಾಯಗೊಂಡವರಿಗಾಗಿಯೇ ೧೫ ಪ್ರಶ್ನೆಗಳ ಸೂಚಿಯೊಂದು ೨೦೧೪ರಲ್ಲಿ ಪ್ರಕಟವಾಯಿತು. ಹೀಗೆ ಅಂಕಗಳಿಂದ ಅಳೆಯುವುದು ಸಂಹಿತೆಗಳಲ್ಲಿಲ್ಲ. ಇದ್ದಿತೆಂದು ಸಾಧಿಸಹೊರಡುವುದು ಪಾಂಡಿತ್ಯವಲ್ಲ. ಗಾಯಕ್ಕೆ ಮುಂಚಿನ ಸ್ಥಿತಿಯನ್ನೇ ಅಳೆಯಬೇಕೆಂಬ ನಿಯಮವೂ ನವೀನರದೇ. ಮೂಳೆ ಮುರಿದು ಮಲಗಿದಾಗ ಎಲ್ಲರೂ ದುರ್ಬಲರೇ ಅಲ್ಲವೆ?

ಆದುದರಿಂದ ಮಿತ್ರರಿಗೆ ಹೇಳಿದೆನು: “ತಾಯಿಯವರ ವರ್ಷಗಳನ್ನು ಎಣಿಸಿ ಕೈಬಿಡಬೇಡಿರಿ. ಬೀಳುವುದಕ್ಕೆ ಮೊದಲು ಅವರು ಎಷ್ಟು ನಡೆಯುತ್ತಿದ್ದರು, ಎಷ್ಟು ಉಣ್ಣುತ್ತಿದ್ದರು ಎಂಬುದನ್ನು ವೈದ್ಯರಿಗೆ ಬಿಡದೆ ತಿಳಿಸಿರಿ.” ವೈದ್ಯರು ಮೊದಲು ಕೇಳಿದ್ದೂ ಅದನ್ನೇ ಎಂದು ಅವರು ಮರುದಿನ ತಿಳಿಸಿದರು.