ಮದುವೆ ಸೀಡಿಯಲ್ಲಿ ಉಳಿದದ್ದೆಷ್ಟು?

ತಿಪಟೂರಿನ ನಮ್ಮ ಬಂಧುಗಳ ಮನೆಯಲ್ಲಿ 2006ರಲ್ಲಿ ನಡೆದ ಒಂದು ಮದುವೆಯ ಡಿವಿಡಿ ಇದೆ. ಮೂರೂವರೆ ಗಂಟೆಯ ಚಿತ್ರ, ಒಂದೇ ಡಿಸ್ಕಿನಲ್ಲಿ. ನಿಕಾಹ್ ಮುಗಿದು ಹುಡುಗಿಯನ್ನು ಕಳಿಸಿಕೊಡುವ ಹೊತ್ತಿನಲ್ಲಿ ನಮ್ಮ ನಾನಿ (ತಾಯಿಯ ತಾಯಿ) ಮೊಮ್ಮಗಳ ತಲೆಯ ಮೇಲೆ ಕೈಯಿಟ್ಟು ದುಆ ಮಾಡುತ್ತಾರೆ. ಅವರು ಸುಮ್ಮನೆ ನಿಂತಿರುವಷ್ಟು ಹೊತ್ತು ಮುಖ ಚೆನ್ನಾಗಿಯೇ ಕಾಣುತ್ತದೆ. ತಲೆ ಎತ್ತಿ ಈ ಕಡೆ ತಿರುಗಿದ ಕೂಡಲೇ ಮುಖವೆಲ್ಲ ಚೌಕ ಚೌಕವಾಗಿ ಒಡೆದುಹೋಗುತ್ತದೆ.

ನಾನಿ 2011ರಲ್ಲಿ ತೀರಿಕೊಂಡರು. ಚಿತ್ರ ತೆಗೆಸುವುದು ಸರಿಯೇ ಎಂಬ ಬಗ್ಗೆ ಉಲಮಾಗಳಲ್ಲಿ ಭಿನ್ನಾಭಿಪ್ರಾಯವಿರುವುದು ಎಲ್ಲರಿಗೂ ಗೊತ್ತು. ನಮ್ಮ ನಾನಿ ತೆಗೆಸಬಾರದು ಎನ್ನುವವರ ಪೈಕಿ. ಮೊಮ್ಮಗಳ ಸಂತೋಷಕ್ಕಾಗಿ ಅಂದು ಕ್ಯಾಮೆರಾದ ಮುಂದೆ ನಿಂತಿದ್ದರು. ಹಾಗಾಗಿ ಅವರು ಓಡಾಡುವ ಚಿತ್ರ ಅಂತ ನಮ್ಮಲ್ಲಿರುವುದು ಅದೊಂದೇ. ಆ ಮುಖ ಏಕೆ ಒಡೆಯಿತು ಎಂದು ವಿಚಾರಿಸುತ್ತ ಹೋದಾಗ ನಮಗೆ ತಿಳಿದುಬಂದ ಸಂಗತಿಗಳನ್ನು ಓದುಗರೊಂದಿಗೆ ಹಂಚಿಕೊಳ್ಳುವುದು ಈ ಬರಹದ ಉದ್ದೇಶ.

ಕ್ಯಾಸೆಟ್ಟಿನಿಂದ ಡಿಸ್ಕಿಗೆ

ಜಪಾನಿನಲ್ಲಿ 1976ರಲ್ಲಿ ವಿಎಚ್‌ಎಸ್ ಕ್ಯಾಸೆಟ್ ಬಂತು. ನಮ್ಮ ದೇಶದಲ್ಲಿ 1982ರ ಏಷ್ಯನ್ ಕ್ರೀಡಾಕೂಟದ ಹೊತ್ತಿಗೆ ಬಣ್ಣದ ದೂರದರ್ಶನ ಬಂದ ಮೇಲೆ ವಿಡಿಯೊದ ಹುಚ್ಚು ಹಬ್ಬಿತು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ಫೋಟೊ ಸ್ಟುಡಿಯೊಗಳೂ ಕ್ರಮೇಣ ಮದುವೆಗೆ ವಿಡಿಯೊ ತೆಗೆಯಲಾರಂಭಿಸಿದವು. ಆಮೇಲೆ ಬಂದದ್ದು ವಿಸಿಡಿ. ಒಂದು ಡಿಸ್ಕಿನಲ್ಲಿ ಹಿಡಿಯುತ್ತಿದ್ದುದು ಸುಮಾರು 74 ನಿಮಿಷ. ಮೂರು ಗಂಟೆಯ ಮದುವೆಗೆ ಮೂರು ಡಿಸ್ಕ್ ಬೇಕಾಗುತ್ತಿತ್ತು.

1996ರ ಕೊನೆಯಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಡಿವಿಡಿ, ನಮ್ಮ ತಾಲ್ಲೂಕುಗಳ ಮದುವೆ ಮನೆಗೆ ತಲುಪಲು ಹತ್ತು ವರ್ಷ ಹಿಡಿಯಿತು. ವಿಸಿಡಿಯ ಚಿತ್ರದಲ್ಲಿ ಅಡ್ಡಕ್ಕೆ 352, ಉದ್ದಕ್ಕೆ 288 ಚುಕ್ಕೆಗಳಿದ್ದರೆ ಡಿವಿಡಿಯಲ್ಲಿ 720 ಮತ್ತು 576. ಅಂದರೆ ನಾಲ್ಕು ಪಟ್ಟಿಗಿಂತ ಹೆಚ್ಚು. ಜನ ಮಾತ್ರ ಇದನ್ನೂ ‘ಸೀಡಿ’ ಎಂದೇ ಕರೆದರು. ಒಂದು ಮದುವೆಗೆ ಒಂದು ಡಿಸ್ಕ್ ಎಂಬುದು ರೂಢಿಯಾಯಿತು. ತೊಂದರೆ ಶುರುವಾದದ್ದೂ ಇಲ್ಲಿಂದಲೇ.

ಬೆಂಗಳೂರಿನ ನಾಸಿರ್ ಅಹ್ಮದ್

ಮಾಮೂಲಿ ಡಿವಿಡಿಯಲ್ಲಿ 4.7 ಗಿಗಾಬೈಟ್ ಜಾಗವಿದೆ. ಚಿತ್ರವನ್ನು ಕುಗ್ಗಿಸದೆ ಹಾಗೆಯೇ ತುಂಬಿದರೆ ಅದರಲ್ಲಿ ಐದು ನಿಮಿಷ ಹಿಡಿದರೆ ಹೆಚ್ಚು. ಎರಡು ಗಂಟೆಯ ಸಿನಿಮಾ ಹಿಡಿಯುವಂತೆ ಮಾಡಿದ ಗಣಿತದ ಹಿಂದೆ ಒಬ್ಬ ಬೆಂಗಳೂರಿನವರಿದ್ದಾರೆ ಎಂಬುದು ನಮ್ಮಲ್ಲಿ ಹೆಚ್ಚಿನವರಿಗೆ ತಿಳಿಯದು. ಅವರ ಹೆಸರು ನಾಸಿರ್ ಅಹ್ಮದ್. 1940ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿ, ಅಲ್ಲಿನ ವಿಶ್ವೇಶ್ವರಯ್ಯ ಎಂಜಿನಿಯರಿಂಗ್ ಕಾಲೇಜಿನಲ್ಲಿ 1961ರಲ್ಲಿ ಪದವಿ ಪಡೆದು, ಅಮೆರಿಕದಲ್ಲಿ ಪಿಎಚ್‌.ಡಿ. ಮಾಡಿ, ಕಾನ್ಸಾಸ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕರಾದವರು.

1972ರಲ್ಲಿ ಚಿತ್ರಗಳನ್ನು ಕುಗ್ಗಿಸುವ ಒಂದು ವಿಧಾನ ಅವರಿಗೆ ಹೊಳೆಯಿತು. ಸಂಶೋಧನೆಗೆ ನೆರವು ಕೋರಿ ಅಮೆರಿಕದ ನ್ಯಾಷನಲ್ ಸೈನ್ಸ್ ಫೌಂಡೇಷನ್‌ಗೆ ಅರ್ಜಿ ಹಾಕಿದರು. ನೆರವು ಸಿಗಲಿಲ್ಲ. ಅರ್ಜಿ ನೋಡಿದವರೊಬ್ಬರಿಗೆ ಅದು ತೀರಾ ಸರಳವೆನಿಸಿತ್ತಂತೆ! ಅಹ್ಮದ್ ಕೆಲಸ ಬಿಡಲಿಲ್ಲ. ತಮ್ಮ ವಿದ್ಯಾರ್ಥಿ ಟಿ. ನಟರಾಜನ್ ಮತ್ತು ಗೆಳೆಯ ಕೆ.ಆರ್. ರಾವ್ ಅವರ ಜೊತೆ ಸೇರಿ ಅದನ್ನು ಪೂರ್ತಿಗೊಳಿಸಿದರು. 1974ರ ಜನವರಿಯಲ್ಲಿ ಮೂವರ ಹೆಸರಿನಲ್ಲಿ ಕೆಲವೇ ಪುಟಗಳ ಲೇಖನ ಪ್ರಕಟವಾಯಿತು. ಡಿಸ್ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮ್ ಎಂಬ ಆ ವಿಧಾನವೇ ಮುಂದೆ ಜೆಪೆಗ್ ಫೋಟೊಗೆ, ವಿಸಿಡಿಯ ಎಂಪೆಗ್-1ಕ್ಕೆ, ಡಿವಿಡಿಯ ಎಂಪೆಗ್-2ಕ್ಕೆ ಬುನಾದಿಯಾಯಿತು. 

ಅದು ಮಾಡುವುದಿಷ್ಟು. ಚಿತ್ರವನ್ನು ಎಂಟು ಚುಕ್ಕೆ ಉದ್ದ, ಎಂಟು ಚುಕ್ಕೆ ಅಗಲದ ಚೌಕಗಳಾಗಿ ವಿಂಗಡಿಸುತ್ತದೆ. ಪ್ರತಿ ಚೌಕದಲ್ಲೂ ದೊಡ್ಡ ದೊಡ್ಡ ವ್ಯತ್ಯಾಸಗಳನ್ನು ಒಂದು ಕಡೆ, ಸೂಕ್ಷ್ಮ ವ್ಯತ್ಯಾಸಗಳನ್ನು ಇನ್ನೊಂದು ಕಡೆ ಬೇರ್ಪಡಿಸುತ್ತದೆ. ನಮ್ಮ ಕಣ್ಣು ಅಷ್ಟಾಗಿ ಗುರುತಿಸದ ಸೂಕ್ಷ್ಮಗಳನ್ನು ಆಮೇಲೆ ಕೈಬಿಡಬಹುದು. ಎಂಪೆಗ್ ಇದರ ಜೊತೆಗೆ ಇನ್ನೊಂದು ಉಪಾಯ ಮಾಡುತ್ತದೆ: ಹನ್ನೆರಡೋ ಹದಿನೈದೋ ಚಿತ್ರಗಳಿಗೆ ಒಂದನ್ನು ಮಾತ್ರ ಪೂರ್ತಿ ಬರೆದಿಟ್ಟು, ಉಳಿದವುಗಳಲ್ಲಿ ಏನು ಬದಲಾಯಿತು ಎಂಬುದನ್ನಷ್ಟೇ ಬರೆಯುತ್ತದೆ.

ಕೊಬ್ಬರಿ ಮಾಡುವವರಿಗೆ ಇದು ಹೊಸದಲ್ಲ. ಕಾಯಿಯನ್ನು ಅಟ್ಟದ ಮೇಲೆ ಎಂಟು ಹತ್ತು ತಿಂಗಳು ಬಿಟ್ಟರೆ ಒಳಗಿನ ನೀರು ಇಂಗಿ ಉಂಡೆ ಕೊಬ್ಬರಿಯಾಗುತ್ತದೆ. ತೂಕ ಇಳಿಯುತ್ತದೆ, ತಿಪಟೂರಿನ ಮಾರುಕಟ್ಟೆಯಿಂದ ಉತ್ತರ ಭಾರತದವರೆಗೆ ಕೆಡದೆ ಹೋಗುತ್ತದೆ. ಆದರೆ ಕೊಬ್ಬರಿಯನ್ನು ಮತ್ತೆ ಎಳನೀರು ಮಾಡಲು ಬರುವುದಿಲ್ಲ. ಡಿಸ್ಕಿನ ಚಿತ್ರವೂ ಹಾಗೆಯೇ. ಬಿಟ್ಟುಹೋದದ್ದು ಬಿಟ್ಟೇ ಹೋಯಿತು.

ನಮ್ಮ ಡಿಸ್ಕಿನ ಲೆಕ್ಕ

ಎಷ್ಟು ಬಿಡಬೇಕು ಎಂಬುದನ್ನು ನಾಸಿರ್ ಅಹ್ಮದರ ಗಣಿತ ನಿರ್ಧರಿಸುವುದಿಲ್ಲ. ಡಿಸ್ಕ್ ತಯಾರಿಸುವವರು ನಿರ್ಧರಿಸುತ್ತಾರೆ. 4.7 ಗಿಗಾಬೈಟ್ ಅಂದರೆ 37,600 ಮೆಗಾಬಿಟ್. ಎರಡು ಗಂಟೆಯ ಚಿತ್ರಕ್ಕೆ ಇದನ್ನು ಹಂಚಿದರೆ ಸೆಕೆಂಡಿಗೆ ಐದು ಮೆಗಾಬಿಟ್ ಸಿಗುತ್ತದೆ; ಚಿತ್ರ ಚೆನ್ನಾಗಿರುತ್ತದೆ. ಮೂರೂವರೆ ಗಂಟೆಗೆ ಹಂಚಿದರೆ ಸಿಗುವುದು ಮೂರು ಮೆಗಾಬಿಟ್ ಮಾತ್ರ.

ನಮ್ಮ ಡಿಸ್ಕನ್ನು ಕಂಪ್ಯೂಟರಿನಲ್ಲಿ ತೆರೆದು ನೋಡಿದಾಗ ಇನ್ನೊಂದು ಸಂಗತಿ ಗೊತ್ತಾಯಿತು. ಧ್ವನಿಯನ್ನು ಒಂದಿಷ್ಟೂ ಕುಗ್ಗಿಸದೆ ಹಾಗೆಯೇ ತುಂಬಿದ್ದರು. ಅದೊಂದೇ ಒಂದೂವರೆ ಮೆಗಾಬಿಟ್ ತಿಂದಿತ್ತು. ಚಿತ್ರಕ್ಕೆ ಉಳಿದದ್ದು ಒಂದೂವರೆಗಿಂತಲೂ ಕಡಿಮೆ. ವಿಸಿಡಿಯ ಚಿಕ್ಕ ಚಿತ್ರಕ್ಕೇ 1.15 ಮೆಗಾಬಿಟ್ ಕೊಡುತ್ತಿದ್ದರು. ಅದರ ನಾಲ್ಕು ಪಟ್ಟು ದೊಡ್ಡ ಚಿತ್ರ ಹೆಚ್ಚುಕಡಿಮೆ ಅಷ್ಟರಲ್ಲೇ ಬದುಕಬೇಕಾಗಿತ್ತು. ಧ್ವನಿಯನ್ನು ಕುಗ್ಗಿಸಿದ್ದರೆ 0.2 ಮೆಗಾಬಿಟ್ಟಿನಲ್ಲಿ ಮುಗಿಯುತ್ತಿತ್ತು, ಚಿತ್ರಕ್ಕೆ ಸಿಕ್ಕ ಪಾಲು ಸುಮಾರು ಎರಡರಷ್ಟಾಗುತ್ತಿತ್ತು. ಎರಡು ಡಿಸ್ಕ್ ಮಾಡಿದ್ದರೆ ಕೊರತೆಯೇ ಇರುತ್ತಿರಲಿಲ್ಲ.

ಬಿಟ್ ಸಾಲದಾದಾಗ ಮೊದಲು ಕೆಡುವುದು ಚಲನೆ. ಮಂಟಪದ ಮಿನುಗುವ ಸೀರಿಯಲ್ ಲೈಟು, ಎರಚುವ ಹೂವು, ಹಿಂದೆ ಓಡಾಡುವ ಮಕ್ಕಳು, ಎಲ್ಲವೂ ಬದಲಾವಣೆಯೇ, ಎಲ್ಲವನ್ನೂ ಬರೆಯಬೇಕು. ನಮ್ಮ ಸೀಮೆಯಲ್ಲಿ ಇನ್ನೊಂದು ಕಷ್ಟವಿದೆ. ಮದುವಣಿಗನನ್ನು ತೆಂಗಿನ ತೋಟದಲ್ಲಿ ನಿಲ್ಲಿಸಿ ಚಿತ್ರ ತೆಗೆಯದ ಸ್ಟುಡಿಯೊ ಇಲ್ಲ. ಗಾಳಿಗೆ ಅಲುಗುವ ಒಂದೊಂದು ಗರಿಯೂ ಒಂದೊಂದು ಬದಲಾವಣೆ. ಎಂಪೆಗ್‌ಗೆ ಅದಕ್ಕಿಂತ ಕಠಿಣವಾದ ದೃಶ್ಯಗಳು ಕಡಿಮೆ.

ಪರಿಹಾರಗಳಿರಲಿಲ್ಲ ಎಂದಲ್ಲ. ತಂತ್ರಾಂಶವನ್ನು ಎರಡು ಸುತ್ತು ಓಡಿಸಿ, ಮೊದಲ ಸುತ್ತಿನಲ್ಲಿ ಚಲನೆ ಎಲ್ಲಿ ಹೆಚ್ಚೆಂದು ಗುರುತಿಸಿ, ಎರಡನೆಯ ಸುತ್ತಿನಲ್ಲಿ ಅಲ್ಲಿಗೆ ಹೆಚ್ಚು ಬಿಟ್ ಕೊಡಬಹುದಿತ್ತು. ಅದಕ್ಕೆ ಎರಡು ಪಟ್ಟು ಸಮಯ ಬೇಕು. ಲಗ್ನದ ಕಾಲದಲ್ಲಿ ಸಮಯ ಯಾರಿಗಿತ್ತು? ಗಿರಾಕಿಗಳಾದ ನಾವೂ ಕೇಳಿದ್ದು ಒಂದೇ: ‘ಎಲ್ಲಾ ಒಂದೇ ಸೀಡೀಲಿ ಹಾಕ್ಕೊಡಿ.’

ಮೂಲ ಚಿತ್ರ ತೆಗೆದದ್ದು ಮಿನಿ ಡಿವಿ ಕ್ಯಾಸೆಟ್ಟಿನಲ್ಲಿ. ಅದರಲ್ಲಿ ಚಿತ್ರಕ್ಕೆ ಸೆಕೆಂಡಿಗೆ 25 ಮೆಗಾಬಿಟ್ ಇರುತ್ತದೆ, ಗಂಟೆಗೆ ಸುಮಾರು 13 ಗಿಗಾಬೈಟ್. ಅದು ಸಿಕ್ಕರೆ ಹೊಸದಾಗಿ ಡಿಸ್ಕ್ ಮಾಡಿಸಬಹುದೆಂದು ಸ್ಟುಡಿಯೊಗೆ ಹೋದೆವು. ಆ ಕ್ಯಾಸೆಟ್ಟುಗಳ ಮೇಲೆ ಆಮೇಲೆ ಬೇರೆ ಮದುವೆಗಳು ಬಂದಿದ್ದವು. ಅಂದಿನ ಮಾಮೂಲಿ ಪದ್ಧತಿ ಅದು. ಕ್ಯಾಸೆಟ್ ನಮಗೆ ಕೊಡಿ ಎಂದು ನಾವು ಕೇಳಿರಲಿಲ್ಲ.

ಒಂದು ಸಮಾಧಾನವಿದೆ. ಚಿತ್ರದ ಪಾಲನ್ನು ತಿಂದ ಧ್ವನಿ ಒಂದಕ್ಷರವೂ ಕೆಡದೆ ಉಳಿದಿದೆ. ಮುಖ ಒಡೆದಾಗಲೂ ನಾನಿಯ ದುಆ ಆಮೀನ್‌ವರೆಗೆ ಸ್ಪಷ್ಟವಾಗಿ ಕೇಳುತ್ತದೆ.

ಇನ್ನಾದರೂ ಉಳಿಸೋಣ

ಇದು ಒಂದು ಮನೆಯ ದುಃಖವಾಗಿದ್ದರೆ ಇಷ್ಟು ಬರೆಯಬೇಕಾಗಿರಲಿಲ್ಲ. ತಿಪಟೂರಿನ ಕೆಂಪಮ್ಮ ದೇವಿ ಜಾತ್ರೆ, ಹಿಂದೂ ಮುಸ್ಲಿಮರು ಕೂಡಿ ಆಚರಿಸುವ ಚಿಕ್ಕನಾಯಕನಹಳ್ಳಿಯ ತಾತಯ್ಯನ ಗೋರಿ ಉರುಸ್, ತುರುವೇಕೆರೆ ಕಡೆಯ ಊರಹಬ್ಬಗಳು, ಇಂಥವುಗಳ ಚಿತ್ರ ಯಾರ ಯಾರದೋ ಬೀರುವಿನ ಡಿಸ್ಕುಗಳಲ್ಲಿ ಇರಬಹುದು. ಒಂದೇ ಊರಿನಲ್ಲಿ ಜನ ಹೇಗೆ ಕೂಡಿ ಬಾಳಿದರು ಎಂಬುದಕ್ಕೆ ನಾಳೆ ಸಾಕ್ಷಿಯಾಗುವುದು ಅವೇ. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ 1934ರಲ್ಲಿ ತೆರೆ ಕಂಡಿತು; ಅದರ ಒಂದು ಪ್ರತಿಯೂ ಉಳಿದಿಲ್ಲ. ಸಿನಿಮಾದ ಗತಿಯೇ ಹೀಗಾದರೆ ಉರುಸ್‌ನ ಸೀಡಿಯನ್ನು ಕಾಯುವವರಾರು?

ಮನೆಯಲ್ಲಿ ಬರೆದ ಡಿಸ್ಕ್ ಶಾಶ್ವತವಲ್ಲ. ಅದರಲ್ಲಿರುವುದು ಬಣ್ಣದ ತೆಳು ಪದರ; ಬಿಸಿಲು, ಶಾಖ, ತೇವಕ್ಕೆ ಕೆಡುತ್ತದೆ. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕ್ ಹಾಕುವ ಜಾಗವೇ ಇರುವುದಿಲ್ಲ. ಆದ್ದರಿಂದ ಹೊರಗಿನಿಂದ ಜೋಡಿಸುವ ಡಿವಿಡಿ ಡ್ರೈವ್ ತಂದು, ಡಿಸ್ಕಿನಲ್ಲಿರುವ ಫೋಲ್ಡರುಗಳನ್ನು ಇದ್ದ ಹಾಗೆಯೇ ಹಾರ್ಡ್ ಡಿಸ್ಕಿಗೆ ನಕಲು ಮಾಡಬೇಕು. ಜಾಗ ಉಳಿಸಲೆಂದು ಮತ್ತೆ ಕುಗ್ಗಿಸಬಾರದು. ಒಮ್ಮೆ ಕುಗ್ಗಿದ್ದನ್ನು ಪುನಃ ಕುಗ್ಗಿಸಿದರೆ ಇರುವುದೂ ಹೋಗುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ವಿಡಿಯೊ ಎಂದು ಕಳಿಸಿದರೂ ಆಗುವುದು ಅದೇ. ಬಂಧುಗಳಿಗೆ ಕಳಿಸಿ, ಅದನ್ನೇ ಮೂಲವೆಂದು ಇಟ್ಟುಕೊಳ್ಳಬೇಡಿ. ಎರಡು ಪ್ರತಿ ಮಾಡಿ ಎರಡು ಮನೆಗಳಲ್ಲಿಡಿ. ಮಿನಿ ಡಿವಿ, ವಿಎಚ್‌ಎಸ್ ಕ್ಯಾಸೆಟ್ ಇದ್ದರೆ, ಡಿಸ್ಕ್ ಇದೆಯಲ್ಲ ಎಂದು ಎಸೆಯಬೇಡಿ. ಹೆಚ್ಚಿನ ಚಿತ್ರ ಇರುವುದು ಅದರಲ್ಲೇ.

ಈ ಭಾನುವಾರ ಒಮ್ಮೆ ಬೀರು ತೆಗೆದು ನೋಡಿ. ಯಾವ ಮದುವೆ, ಯಾವ ವರ್ಷ, ಚಿತ್ರದಲ್ಲಿರುವವರು ಯಾರು ಯಾರು ಎಂಬುದನ್ನು ಹೇಳಬಲ್ಲ ಹಿರಿಯರು ಮನೆಯಲ್ಲಿರುವಾಗಲೇ ಒಂದು ಹಾಳೆಯಲ್ಲಿ ಬರೆದಿಡಿ.